ಕೆಮ್ಮುವ ನಕ್ಷತ್ರಗಳ ಎಣಿಕೆ

ಜನವರಿ 9

ಅಣ್ಣಾ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವ ಸಾಲನ್ನು ಬಿಟ್ಟಿದ್ದೇನೆ, ಅದು ಇನ್ನೂ ಕೈಗೆ ಬರುತ್ತಿಲ್ಲ. ಫೋನ್ ಮಾಡಬಹುದಿತ್ತು. ನೀನು ಹಲೋ ಅಂದ ಕೂಡಲೇ ನಾನು ಜಗಳ ತೆಗೆಯುತ್ತೇನೆ ಎಂಬುದು ನನಗೂ ಗೊತ್ತು, ನಿನಗೂ ಗೊತ್ತು. ಅದಕ್ಕೇ ಕಾಗದ.

ಜಗಳ ಮುಗಿದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಮ್ಮ ಇಪ್ಪತ್ತೆರಡು ವರ್ಷ ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಬಿಳಿ ಪುಡಿ ಕುಡಿದಳು. ನೀನು ಅದೇ ಕಂಪನಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಶೆಡ್ಡಿನ ನೂರಾರು ಜನರ ಎದೆಯ ಫಿಲ್ಮು ನಿನ್ನ ಕೈ ದಾಟಿ ಹೋಯಿತು. ಅಮ್ಮನದು ಒಂದೇ ಒಂದು ಇಲ್ಲ. ಸತ್ತಾಗ ಚೀಟಿಯಲ್ಲಿ ಉಬ್ಬಸ ಎಂದು ಗೀಚಿದರು. "ಯಾಕಣ್ಣಾ, ಅಮ್ಮಂದು ಒಂದು ಫಿಲ್ಮ್ ತೆಗೀಲಿಲ್ಲ?" ಎಂದು ಕೇಳಿದೆ. ನೀನು ಗೋಡೆ ನೋಡಿದೆ. ನಾನು ಪೆಟ್ಟಿಗೆ ಎತ್ತಿಕೊಂಡು ಹೊರಟೆ.

ಈಗ ಬರೆಯುತ್ತಿರುವುದು ಕೆಲಸದ ಮಾತಿಗೆ. ನಾನು ಆಕಾಶ ನೋಡುವ ಸಂಸ್ಥೆಯಲ್ಲಿದ್ದೇನೆ. ರಾತ್ರಿಯೆಲ್ಲ ದೂರದರ್ಶಕಕ್ಕೆ ಕಣ್ಣು ಹಚ್ಚಿ ಕೂತಿರುತ್ತೇನೆ ಅಂದುಕೊಳ್ಳಬೇಡ. ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ಆರಕ್ಕೆ ಬರುವ ಗುಮಾಸ್ತಿಕೆ ನನ್ನದು. ನಮ್ಮ ದೂರದರ್ಶಕ ನೆಲದ ಮೇಲಿಲ್ಲ, ಗಾಳಿಯಾಚೆ ಸುತ್ತುತ್ತಿದೆ. ಆಕಾಶದ ಎಕ್ಸ್‌ರೇಯನ್ನು ಗಾಳಿ ಕೆಳಕ್ಕೆ ಬಿಡುವುದಿಲ್ಲ. ಹೌದು, ಎಕ್ಸ್‌ರೇ. ನಿನ್ನದೇ ಬೆಳಕು.

ನಾನು ಹುಡುಕುತ್ತಿರುವುದು ಒಂದು ಬಗೆಯ ಜೋಡಿ ನಕ್ಷತ್ರಗಳನ್ನು. ಜೋಡಿಯಲ್ಲಿ ಒಂದು ಮುದಿ ನಕ್ಷತ್ರ: ಕೆಂಪಗೆ ಊದಿಕೊಂಡು, ಮೈಯ ಪದರವನ್ನೇ ಉಸಿರಾಗಿ ಸುತ್ತಲೂ ಬಿಡುತ್ತಿರುತ್ತದೆ. ಇನ್ನೊಂದು ಎಂದೋ ಸತ್ತ ನಕ್ಷತ್ರ: ಒಂದು ಪಟ್ಟಣದಷ್ಟೇ ಅಗಲ, ಸೂರ್ಯನಿಗಿಂತ ಹೆಚ್ಚು ತೂಕ. ಸತ್ತದ್ದು ಮುದಿಯ ಉಸಿರನ್ನು ಕುಡಿಯುತ್ತದೆ. ಆ ಉಸಿರು ಅದರ ಮೇಲೆ ಬೀಳುತ್ತ ಕಾದು ಎಕ್ಸ್‌ರೇಯಾಗಿ ಹೊಳೆಯುತ್ತದೆ. ಬೇರೆ ತರಹದ ಎಕ್ಸ್‌ರೇ ಜೋಡಿಗಳು ಬೇಕಾದಷ್ಟಿವೆ, ಈ ಬಗೆಯವು ಮಾತ್ರ ನಮ್ಮ ಪಟ್ಟಿಯಲ್ಲಿ ಒಂಬತ್ತೇ. ನಮ್ಮ ವಿಭಾಗದ ಮುಖ್ಯಸ್ಥರು, ನಾವು ಅವರನ್ನು ದೊಡ್ಡೋರು ಅನ್ನುತ್ತೇವೆ, "ಅಪರೂಪ ಅಂತ ಬರೆದು ಮುಗಿಸಮ್ಮ" ಅನ್ನುತ್ತಾರೆ. ಆ ಪದ ಕಂಡರೆ ನನಗೆ ಮೈ ಉರಿಯುತ್ತದೆ. ಅಪರೂಪ ಎನ್ನುವುದು ನಕ್ಷತ್ರದ ಗುಣವೋ, ನೋಡುವವರ ಕಣ್ಣಿನ ಕೊರತೆಯೋ?

ನಾನು ಸಣ್ಣವಳಿದ್ದಾಗ ನೀನು ನನ್ನನ್ನು ಫಿಲ್ಮು ತೊಳೆಯುವ ಕತ್ತಲೆ ಕೋಣೆಗೆ ಕರೆದೊಯ್ಯುತ್ತಿದ್ದೆ. ಕೆಂಪು ದೀಪ, ತಟ್ಟೆಯ ನೀರು, ನೀರಿನೊಳಗಿಂದ ಯಾರದೋ ಪಕ್ಕೆಲುಬು ಒಂದೊಂದಾಗಿ ತೇಲಿ ಬರುತ್ತಿತ್ತು. ಅವರು ನೀರಿನಡಿ ಮಲಗಿದ್ದಾರೆ, ನಾವು ಎಬ್ಬಿಸುತ್ತಿದ್ದೇವೆ ಎಂದು ನಂಬಿದ್ದೆ. ಮಸುಕು ಕಲೆಗಳನ್ನು ಬೆರಳಿಟ್ಟು ತೋರಿಸುತ್ತಿದ್ದೆ ನೀನು. ನನಗೆ ಕಾಣುತ್ತಲೇ ಇರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಕಾಣದೆ ತಪ್ಪಿಹೋದದ್ದು ಎಷ್ಟು ಎಂದು ನಿಮ್ಮ ಕಸುಬಿನಲ್ಲಿ ಹೇಗೆ ತಿಳಿಯುತ್ತೀರಿ?

ಇಷ್ಟೇ.

ನಿನ್ನ ತಂಗಿ


ಜನವರಿ 30

ಮೊಂಡೀ,

ನಿನ್ನ ಲಕೋಟೆಯನ್ನು ಮೂರು ದಿನ ಒಡೆಯಲಿಲ್ಲ. ಫಿಲ್ಮು ನೋಡುವ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ನೋಡಿದೆ. ಒಳಗಿನ ಸಾಲುಗಳು ಒತ್ತೊತ್ತಾಗಿ ಕಂಡವು, ಅಕ್ಷರ ಹತ್ತಲಿಲ್ಲ. ಬೈದಿದ್ದಾಳೆ ಅಂದುಕೊಂಡೆ. ಇಷ್ಟು ವರ್ಷ ಕಸುಬು ಮಾಡಿದ್ದಕ್ಕೆ ಅಷ್ಟಾದರೂ ಸರಿಯಾಗಿ ಓದಿದೆ.

ಕಣ್ಣಿಗೆ ತಪ್ಪಿದ್ದೆಷ್ಟು ಎಂದು ಕಣ್ಣನ್ನೇ ಕೇಳಿದರೆ ಅದು ಏನೂ ತಪ್ಪಿಲ್ಲ ಅನ್ನುತ್ತದೆ. ನನಗೆ ಕಲಿಸಿದ ಹಿರಿಯರಿಗೆ ಇದು ಗೊತ್ತಿತ್ತು. ಅವರು ಮೇಣವನ್ನು ಕರಗಿಸಿ ಇಟ್ಟಿಗೆಯಂತೆ ಎರೆಯುತ್ತಿದ್ದರು. ಎರೆಯುವಾಗ ಒಳಗೆ ಕಾಳು ಹುದುಗಿಸುತ್ತಿದ್ದರು, ಕೆಲವು ದಪ್ಪ, ಕೆಲವು ಸಾಸಿವೆಯಷ್ಟು. ಎಷ್ಟೆಂದು ಹೇಳುತ್ತಿರಲಿಲ್ಲ. "ಫಿಲ್ಮ್ ತೆಗಿ, ಎಣಿಸು" ಅನ್ನುತ್ತಿದ್ದರು. ಮೊದಲ ದಿನ ನಾನು ಎದೆ ಉಬ್ಬಿಸಿಕೊಂಡು ಆರು ಎಂದೆ. ಅವರು ಚಾಕುವಿನಿಂದ ಮೇಣ ಕೊಯ್ದು ಒಂದೊಂದೇ ಹೊರಗಿಟ್ಟರು. ಹದಿನಾಲ್ಕಿದ್ದವು.

"ನಿಂಗೆ ಸಿಕ್ಕಿದ್ದು ಎಷ್ಟು ಅಂತ ನಾನು ಕೇಳ್ತಿಲ್ಲ ಕಣಯ್ಯ. ನಾನು ಇಟ್ಟಿದ್ದರಲ್ಲಿ ನಿಂಗೆ ಎಷ್ಟು ಸಿಗುತ್ತೆ ಅಂತ ತಿಳ್ಕೊ. ಆಮೇಲೆ ಮನುಷ್ಯರನ್ನ ಮುಟ್ಟು" ಎಂದರು.

ಮೂರು ತಿಂಗಳು ಮೇಣವನ್ನೇ ನೋಡಿದೆ. ಕನಸಿನಲ್ಲಿ ಕೂಡ ಮಂಜಿನಂಥ ಬಿಳುಪಿನೊಳಗೆ ಕಾಳುಗಳು ತೇಲುತ್ತಿದ್ದವು. ನಿನ್ನ ಆಕಾಶಕ್ಕೆ ಇದು ಹೊಂದುತ್ತದೋ ಇಲ್ಲವೋ ನೀನೇ ನೋಡು. ನಾನು ಓದಿದವನಲ್ಲ.

ನಿನ್ನ ಇನ್ನೊಂದು ಪ್ರಶ್ನೆಗೆ ಉತ್ತರ ಬರೆಯಲು ಹಾಳೆಯಲ್ಲಿ ಜಾಗ ಸಾಲಲಿಲ್ಲ.

ಅಣ್ಣ


ಫೆಬ್ರವರಿ 21

ಅಣ್ಣಾ,

ಹಾಳೆಯ ಕೆಳಗಿನ ಅರ್ಧ ಖಾಲಿ ಇತ್ತು. ನನಗೂ ಕಣ್ಣಿದೆ.

ಆದರೂ ನಿನ್ನ ಮೇಣ ನನ್ನನ್ನು ಉಳಿಸಿತು. ನಾನೊಂದು ಸುಳ್ಳು ಆಕಾಶ ಎರೆದೆ. ಕಂಪ್ಯೂಟರಿನೊಳಗೆ ಸಾವಿರ ಜೋಡಿಗಳನ್ನು ಹುಟ್ಟಿಸಿದೆ. ಕೆಲವನ್ನು ಹತ್ತಿರ ಇಟ್ಟೆ, ಕೆಲವನ್ನು ಆಕಾಶಗಂಗೆಯ ಆಚೆ ದಡಕ್ಕೆ ತಳ್ಳಿದೆ, ಕೆಲವನ್ನು ಧೂಳಿನ ಮೋಡದ ಹಿಂದೆ ಮುಚ್ಚಿಟ್ಟೆ. ಆಮೇಲೆ ನಮ್ಮ ದೂರದರ್ಶಕಕ್ಕೆ ಅದು ಹೇಗೆ ಕಾಣುತ್ತದೋ ಹಾಗೆ ಮಸುಕು ಮಾಡಿ, ನನ್ನ ಹುಡುಕುವ ಪ್ರೋಗ್ರಾಮಿಗೆ ಒಪ್ಪಿಸಿ, "ಹುಡುಕು ನೋಡೋಣ" ಎಂದೆ.

ಮಧ್ಯಾಹ್ನ. ಕಿಟಕಿಯ ಪರದೆ ಎಳೆದ ಕೋಣೆ. ನಾನೇ ಹುಟ್ಟಿಸಿದ ಸಾವಿರ ಮುದುಕಿಯರು ಕಂಪ್ಯೂಟರಿನ ಪರದೆಯ ತುಂಬ ಉಸಿರು ಬಿಡುತ್ತಿದ್ದರು. ಸುಳ್ಳೆಂದು ಗೊತ್ತಿದ್ದೂ ಅವರ ನಡುವೆ ನಡೆದಾಡಿದ ಹಾಗಾಯಿತು. ಬೆಚ್ಚಗಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಪಕ್ಕದ ಮೇಜಿನವಳು ಹೆಗಲು ತಟ್ಟಿ, "ಊಟ ಬೇಡ್ವೇನೇ, ಯಾವ ಲೋಕದಲ್ಲಿದ್ದೀಯ?" ಎಂದಾಗ ನಿಜಕ್ಕೂ ಉತ್ತರ ತಿಳಿಯಲಿಲ್ಲ.

ಸಾವಿರದಲ್ಲಿ ಸಿಕ್ಕಿದ್ದು ಹದಿನಾಲ್ಕು. ಹಾಗಾದರೆ ನಿಜದ ಆಕಾಶದಲ್ಲಿ ಒಂಬತ್ತು ಸಿಗಬೇಕಾದರೆ ಅಲ್ಲಿ ಸುಮಾರು ಆರುನೂರ ನಲವತ್ತು ಇರಬೇಕು. ಒಂಬತ್ತಲ್ಲ! ದೊಡ್ಡೋರಿಗೆ ತೋರಿಸಿದೆ. "ಕಾಣದೇ ಇರೋದನ್ನ ಎಣಿಸ್ತೀಯಲ್ಲಮ್ಮ, ಧೈರ್ಯ ನಿಂದು" ಎಂದು ನಕ್ಕರು. ಕಂಡದ್ದನ್ನಷ್ಟೇ ಎಣಿಸುವುದಕ್ಕೆ ವಿಜ್ಞಾನ ಯಾಕೆ ಬೇಕು ಸಾರ್, ಮೇಸ್ತ್ರಿ ಸಾಕು ಎಂದೆ. ನಗು ನಿಂತಿತು.

ಇನ್ನು ನಿನ್ನ ವಿಷಯ. ಪತ್ರಿಕೆಯ ಒಳಪುಟದಲ್ಲಿ ಓದಿದೆ. ಕಲ್ಲು ಕೊಯ್ಯುವ ಗಾಲಿಗಳಿಗೆ ನೀರಿನ ಕೊಳವೆ ಹಾಕಿಸಿ, ಪುಡಿ ಏಳದಂತೆ ಮಾಡಿ ಎಂದು ಶೆಡ್ಡಿನವರು ಕೇಳಿದ್ದಾರಂತೆ. ಅದಕ್ಕೆ ನಿಮ್ಮ ಕಂಪನಿ ಕಾರ್ಮಿಕ ಇಲಾಖೆಗೆ ಉತ್ತರ ಕೊಟ್ಟಿದೆ: ಹತ್ತು ವರ್ಷದ ತಪಾಸಣೆಯಲ್ಲಿ ಶ್ವಾಸಕೋಶದ ಕಲ್ಲುಪುಡಿ ರೋಗ ಕಂಡದ್ದು ಹನ್ನೊಂದು ಜನರಲ್ಲಿ. ಈ ರೋಗ ಇಲ್ಲಿ ಅಪರೂಪ. ಅದೇ ಪದ! ಆ ಹನ್ನೊಂದೂ ನಿನ್ನ ಫಿಲ್ಮುಗಳು.

ನಿನ್ನ ಮೇಣದಲ್ಲಿ ಎಷ್ಟು ಕಾಳಿದ್ದವು ಅಣ್ಣಾ?

ತಂಗಿ


ಮಾರ್ಚ್ 28

ಮೊಂಡೀ,

ನಿನ್ನ ಕೊನೆಯ ಸಾಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿಂಗಳು ಓಡಾಡಿದೆ.

ಹೋದ ವಾರ ಶೆಡ್ಡಿನ ಮುಂದಾಳು ಹೆಂಗಸು ನನ್ನ ಕೋಣೆಗೆ ಬಂದಳು. ಎಲ್ಲರೂ ಅವಳನ್ನು ಗಂಟಲು ಎಂದು ಕರೆಯುತ್ತಾರೆ. ಗಾಲಿಗಳ ಸದ್ದಿನ ಮೇಲೂ ಅವಳ ದನಿ ಕೇಳುತ್ತದೆ. ಬಾಗಿಲು ಹಾಕಿಕೊಂಡು, ರೋಗಿ ಕೂರುವ ಸ್ಟೂಲಿನ ಮೇಲೆ ಕೂತಳು.

"ಏನಪ್ಪಾ ಫೋಟೋದವನೇ, ಹನ್ನೊಂದೇನಾ?"

"ಫಿಲ್ಮಲ್ಲಿ ಇದ್ದಿದ್ದು ಅಷ್ಟೇ ಅಕ್ಕ."

"ಫಿಲ್ಮಲ್ಲಿ ಇರೋರನ್ನ ಬಿಡು. ಫಿಲ್ಮಿಗೆ ಬರದೇ ಇರೋರು?"

ಅವಳಿಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ. ಕಾಗದ ಎಂದರೆ ಗೋಡೆಯಿದ್ದ ಹಾಗೆ, ನೋಡುತ್ತ ಹೇಳಬಹುದು.

ಎದೆಯ ಫಿಲ್ಮು ತೆಗೆಯುವಾಗ ಉಸಿರು ಹಿಡಿಯಬೇಕು. ಅಲ್ಲಾಡಿದರೆ ಫಿಲ್ಮು ಕದಡುತ್ತದೆ. ನನ್ನ ಫಿಲ್ಮು ಗಾಜಿನಂತಿರುತ್ತದೆ ಎಂದು ಡಾಕ್ಟರುಗಳು ಹೊಗಳುತ್ತಿದ್ದರು, ಬೇರೆ ಆಸ್ಪತ್ರೆಯವರು ನೋಡಲು ಬರುತ್ತಿದ್ದರು. ತಪಾಸಣೆಯ ದಿನ ಬಾಗಿಲಾಚೆಗೂ ಸಾಲು. ಕೆಮ್ಮುತ್ತಿದ್ದವರು ಎದುರಿಗೆ ಬಂದರೆ, "ಪಕ್ಕಕ್ಕೆ ಕೂತ್ಕೊಳ್ಳಿ, ಕೆಮ್ಮು ನಿಂತ ಮೇಲೆ ಬನ್ನಿ" ಅನ್ನುತ್ತಿದ್ದೆ. ಗದರಿ ಅಲ್ಲ, ಒಳ್ಳೆಯ ಮಾತಿನಲ್ಲೇ. ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕುತ್ತಿದ್ದೆ, ಮರೆಯಬಾರದೆಂದು. ಕೆಮ್ಮು ನಿಲ್ಲುತ್ತಿರಲಿಲ್ಲ. ಶೆಡ್ಡಿನ ಗಂಟೆ ಹೊಡೆಯುತ್ತಿತ್ತು, ಅವರು ಎದ್ದು ಹೋಗುತ್ತಿದ್ದರು. ಆಫೀಸಿನವರು ಗೀಟಿದ್ದ ಹೆಸರಿಗೆಲ್ಲ ಗೈರುಹಾಜರು ಎಂದು ಟೈಪು ಮಾಡಿದರು. ನಾನು ತಿದ್ದಲಿಲ್ಲ.

ಯಾರೂ ನನಗೆ ಹೀಗೆ ಮಾಡು ಎಂದು ಹೇಳಿರಲಿಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ. ಕಂಪನಿಗೆ ಬೇಕಾದ್ದನ್ನು ನಾನು ನನ್ನ ಕಸುಬಿನ ಹೆಮ್ಮೆಗೆ ಮಾಡಿಕೊಟ್ಟೆ.

ಹಳೆಯ ಪಟ್ಟಿಗಳನ್ನು ತೆಗೆದು ಎಣಿಸಿದೆ. ಇನ್ನೂರ ಹನ್ನೆರಡು ಹೆಸರುಗಳ ಮುಂದೆ ಗೀಟಿದೆ. ನಾಲ್ಕನೆಯ ವರ್ಷದ ಪಟ್ಟಿಯಲ್ಲಿ, ಮೂರನೆಯ ಹಾಳೆಯಲ್ಲಿ, ಅಮ್ಮನ ಹೆಸರಿನ ಮುಂದೆ ಒಂದಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಆಮೇಲೆ ಬರ್ತೀನಿ ಬಿಡೋ, ನಿನ್ನ ಸಾಲು ಕೆಡಿಸಲ್ಲ" ಎಂದಳು. ಬೆಂಚಿನ ತುದಿಯಲ್ಲಿ ಕೂತು ನನ್ನ ಕೆಲಸ ನೋಡುತ್ತಿದ್ದಳು. ಮಗ ದೊಡ್ಡ ಯಂತ್ರ ಓಡಿಸುತ್ತಾನೆ ಎಂಬ ಖುಷಿ ಮುಖದಲ್ಲಿತ್ತು. ಮತ್ತೆ ತಲೆ ಎತ್ತಿದಾಗ ಬೆಂಚು ಖಾಲಿ ಇತ್ತು.

ಯಾಕೆ ತೆಗೆಯಲಿಲ್ಲ ಎಂದು ಕೇಳಿದ್ದೆಯಲ್ಲ, ಇದಕ್ಕೆ.

ಆಗಸ್ಟಿನಲ್ಲಿ ಇಲಾಖೆಯವರು ವಿಚಾರಣೆ ಇಟ್ಟಿದ್ದಾರೆ. ಹೋಗಿ ಹೇಳಿದರೆ ಕೆಲಸ ಉಳಿಯುವುದಿಲ್ಲ, ಹೆಸರೂ ಉಳಿಯುವುದಿಲ್ಲ. ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ.

ಅಣ್ಣ


ಜೂನ್ 14

ಅಣ್ಣಾ,

ನಿನ್ನ ಕಾಗದ ಬಂದು ಹತ್ತು ವಾರ ದಾಟಿತು. ಐದು ಸಲ ಬರೆದು ಹರಿದೆ. ಅವುಗಳಲ್ಲಿ ಏನಿತ್ತು ಎಂದು ನೀನು ಊಹಿಸಬಲ್ಲೆ. ಅವನ್ನು ಕಳಿಸಲಿಲ್ಲ, ಯಾಕೆ ಎಂದು ಈ ಕಾಗದದಲ್ಲಿ ಹೇಳುತ್ತೇನೆ.

ನಿನ್ನ ಮೇಲಿನ ಕೋಪದಲ್ಲಿ ನನ್ನ ಕೆಲಸಕ್ಕೆ ಹೋಗಿ ಕೂತೆ. ಸುಮ್ಮನೆ ಪ್ರೋಗ್ರಾಮಿನ ಸಾಲುಗಳನ್ನು ಮೇಲಿಂದ ಓದುತ್ತ ಬಂದೆ. ನಾಲ್ಕನೆಯ ಪುಟದಲ್ಲಿ ನಾನೇ ಬರೆದ ಒಂದು ನಿಯಮ ಸಿಕ್ಕಿತು. ಬೆಳಕು ಗಂಟೆಗಂಟೆಗೆ ನಡುಗಿದರೆ, ಎಗರಿ ಬಿದ್ದರೆ, ಅದು ಉಪಕರಣದ ದೋಷ, ಅದನ್ನು ಪಟ್ಟಿಯಿಂದ ತೆಗೆ. ಚೊಕ್ಕವಾದ ಪಟ್ಟಿ ಬೇಕಿತ್ತು ನನಗೆ. ನನ್ನ ಗ್ರಾಫುಗಳು ಗೆರೆ ಎಳೆದ ಹಾಗಿರುತ್ತವೆ ಎಂದು ದೊಡ್ಡೋರು ಹೊಗಳುತ್ತಿದ್ದರು.

ಅಣ್ಣಾ, ಮುದಿ ನಕ್ಷತ್ರದ ಉಸಿರು ಒಂದೇ ಸಮನೆ ಬರುವುದಿಲ್ಲ. ಉಂಡೆ ಉಂಡೆಯಾಗಿ, ತಡೆದು ತಡೆದು ಬರುತ್ತದೆ. ಅದನ್ನು ಕುಡಿಯುವ ಜೋಡಿಯ ಬೆಳಕು ನಡುಗಲೇಬೇಕು. ಅದೇ ಅದರ ಗುರುತು. ನಾನು ಅದೇ ಗುರುತನ್ನು ಹಿಡಿದು ಹೊರಗೆ ಹಾಕಿದ್ದೆ. ಇನ್ನೂ ಕೇಳು. ನಾನು ಹುಟ್ಟಿಸಿದ ಸಾವಿರ ಸುಳ್ಳು ಜೋಡಿಗಳಲ್ಲಿ ಒಂದೂ ನಡುಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ನಿಂತಿದ್ದವು, ನಿನ್ನ ಫಿಲ್ಮಿಗೆ ಬೇಕಾದ ಹಾಗೆ. ನನ್ನ ಮೇಣದಲ್ಲಿ ಕೆಮ್ಮುವ ಕಾಳು ಒಂದೂ ಇರಲಿಲ್ಲ. ಆರುನೂರ ನಲವತ್ತು ಎಂದು ಕುಣಿದೆನಲ್ಲ, ಆ ಸಂಖ್ಯೆ ಸುಳ್ಳು.

ಅವುಗಳಿಗೆ ಕೆಮ್ಮು ಕಲಿಸಿದೆ. ಮತ್ತೆ ಹುಡುಕಿಸಿದೆ. ಸಾವಿರದಲ್ಲಿ ಸಿಕ್ಕಿದ್ದು ನಾಲ್ಕೇ. ಅಲ್ಲಿಗೆ ನಿಜದ ಆಕಾಶದಲ್ಲಿ ಎರಡು ಸಾವಿರದ ಮೇಲಿರಬೇಕು. ಒಂದೂವರೆ ಸಾವಿರವೂ ಇರಬಹುದು, ನಾಲ್ಕು ಸಾವಿರವೂ ಇರಬಹುದು. ತೆಗೆದುಹಾಕಿದವುಗಳ ಬುಟ್ಟಿಯನ್ನು ಬಿಚ್ಚಿ ನೋಡಿದರೆ, ಇಂಥವೇ ಇರಬಹುದಾದ ಐದು ಅಲ್ಲಿ ನಡುಗುತ್ತ ಕೂತಿದ್ದವು. ಎಷ್ಟೋ ವರ್ಷದಿಂದ ಕೂತಿದ್ದವು. ಮಧ್ಯಾಹ್ನವೆಲ್ಲ ಅವುಗಳ ಬೆಳಕನ್ನು ನೋಡಿದೆ. ಅಲುಗುವ ಗೆರೆ, ಮತ್ತೆ ಅಲುಗುವ ಗೆರೆ. ನಿದ್ದೆಯಲ್ಲಿ ಅಮ್ಮನ ಎದೆಗೆ ಕಿವಿಯಿಟ್ಟು ಮಲಗುತ್ತಿದ್ದಾಗಿನ ಸದ್ದು ಕಣ್ಣಿಗೆ ಕಂಡ ಹಾಗಿತ್ತು.

ದೊಡ್ಡೋರು, "ಇಷ್ಟು ಅಗಲದ ಸಂಖ್ಯೆ ಬರೆದರೆ ಜನ ನಗ್ತಾರೆ" ಎಂದರು. ನಗಲಿ ಎಂದೆ. ನಿಯಮ ಬರೆದವಳು ನಾನು, ತಪ್ಪು ನನ್ನದು ಎಂದು ಪ್ರಬಂಧದಲ್ಲೇ ಬರೆದಿದ್ದೇನೆ. ಅವರು ತಮ್ಮ ಹೆಸರು ತೆಗೆಸಿಕೊಂಡರು. ಒಬ್ಬಳೇ ಕಳಿಸಿದೆ.

ಕ್ಷಮಿಸಿದ್ದೇನೆ ಎಂದು ಇದರಿಂದ ತಿಳಿಯಬೇಡ. ನನ್ನದು ನಕ್ಷತ್ರ, ನಿನ್ನದು ಅಮ್ಮ. ಆದರೆ ಬೈಯುವ ನನ್ನ ಬಾಯಿ ಈಗ ಮೊದಲಿನಷ್ಟು ದೊಡ್ಡದಿಲ್ಲ.

ಈಗ ಕೆಲಸದ ಮಾತಿಗೆ ಬಾ. ಇನ್ನೂರ ಹನ್ನೆರಡು ಹೆಸರನ್ನೂ ಚೀಟಿ ಮಾಡಿ ಡಬ್ಬಿಗೆ ಹಾಕು. ಕಣ್ಣು ಮುಚ್ಚಿ ನಲವತ್ತು ಎತ್ತು. ಹತ್ತಿರದವರು, ಗುರುತಿನವರು ಎಂದು ಆರಿಸಬೇಡ, ಗಂಟಲು ಅಕ್ಕ ಒತ್ತಾಯ ಮಾಡಿದರೂ ಆರಿಸಬೇಡ. ಆ ನಲವತ್ತು ಜನರನ್ನು ಹುಡುಕಿ, ನಿಮ್ಮದಲ್ಲದ ಆಸ್ಪತ್ರೆಯಲ್ಲಿ ಫಿಲ್ಮು ತೆಗೆಸು. ನಲವತ್ತರಲ್ಲಿ ಎಷ್ಟೋ, ಇನ್ನೂರ ಹನ್ನೆರಡರಲ್ಲಿ ಅದೇ ಪಾಲು. ಆಮೇಲೆ ಹೇಳಬೇಕೋ ಬೇಡವೋ ನೀನೇ ನೋಡು. ನಾನು ಹೇಳಿಸುವುದಿಲ್ಲ.

ಮೊಂಡಿ


ಆಗಸ್ಟ್ 19

ಮೊಂಡೀ,

ವಿಚಾರಣೆ ನಿನ್ನೆ ಮುಗಿಯಿತು. ನಡೆದದ್ದನ್ನು ಸಾಲಾಗಿ ಬರೆಯುತ್ತೇನೆ.

ಚೀಟಿ ಎತ್ತಿದ್ದು ಗಂಟಲು ಅಕ್ಕನ ಮನೆಯ ಅಡುಗೆಕೋಣೆಯಲ್ಲಿ. ಅವಳು, "ಆ ಮೂಲೆಮನೆಯವನನ್ನ ಸೇರಿಸ್ಕೋ, ಪಾಪ ಏಳಕ್ಕೂ ಆಗ್ತಿಲ್ಲ" ಎಂದಳು. ನನ್ನ ತಂಗಿ ಬೇಡ ಅಂದಿದ್ದಾಳೆ ಎಂದೆ. "ನಿನ್ನ ತಂಗಿ ಬಂದರೆ ಕಿವಿ ಹಿಂಡ್ತೀನಿ" ಎಂದಳು, ಆಮೇಲೆ ತಾನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎತ್ತಿದಳು. ಅಮ್ಮನ ಚೀಟಿ ಬರಲಿಲ್ಲ. ಡಬ್ಬಿಯಲ್ಲೇ ಉಳಿಯಿತು.

ನಲವತ್ತರಲ್ಲಿ ಹತ್ತು ಜನ ಆಗಲೇ ತೀರಿಕೊಂಡಿದ್ದರು. ಮೂವತ್ತು ಮನೆಗಳಿಗೆ ಇಬ್ಬರೂ ನಡೆದೆವು. ಬಾಗಿಲು ತಟ್ಟುವ ಮೊದಲೇ ಒಳಗಿನಿಂದ ಕೆಮ್ಮು ಕೇಳುತ್ತಿತ್ತು, ಮನೆ ಹುಡುಕುವ ಕಷ್ಟವಾಗಲಿಲ್ಲ. ಕೆಲವರು ನನ್ನನ್ನು ಗುರುತು ಹಿಡಿದು, "ಈಗ ಬರ್ಬಹುದಾ ಸಾರ್?" ಎಂದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ತಿಳಿಯದೆ ತಲೆಯಾಡಿಸಿದೆ. ಮೂವತ್ತರಲ್ಲಿ ಹತ್ತೊಂಬತ್ತು ಎದೆಗಳಲ್ಲಿ ಕಲ್ಲುಪುಡಿ ಇತ್ತು. ಬೇರೆಯವರು ತೆಗೆದ ಫಿಲ್ಮು, ಅಷ್ಟೇನೂ ಚೊಕ್ಕವಾಗಿರಲಿಲ್ಲ. ಅಂಚು ಕದಡಿತ್ತು. ಆದರೂ ಕಾಣುತ್ತಿತ್ತು. ಕದಡಿದರೂ ಕಾಣುತ್ತದೆ ಎಂದು ಈ ವಯಸ್ಸಿನಲ್ಲಿ ಕಲಿತೆ.

ವಿಚಾರಣೆಯ ಹಾಲಿನಲ್ಲಿ ಉದ್ದದ ಮೇಜು, ಮೇಲೆ ಫ್ಯಾನು. ಕಂಪನಿಯ ವಕೀಲರು ಹನ್ನೊಂದು, ಹನ್ನೊಂದು ಎಂದು ನಾಲ್ಕು ಸಲ ಹೇಳಿದರು. ಅಧಿಕಾರಿ ನನ್ನನ್ನು ಕರೆದರು. ಹೋಗುವವರೆಗೂ ಹೇಳುತ್ತೇನೆಂದು ನನಗೇ ಖಾತ್ರಿಯಿರಲಿಲ್ಲ. ಎದ್ದು ನಿಂತಾಗ ಎಲ್ಲವೂ ದೂರವಾಯಿತು. ಕೆಂಪು ದೀಪದ ಕೋಣೆಯಲ್ಲಿ ಕೈ ನೀರಿನಲ್ಲಿರುವಾಗ ಆಗುತ್ತಿತ್ತಲ್ಲ, ಹಾಗೆ. ಪಟ್ಟಿಗಳನ್ನು ಮೇಜಿನ ಮೇಲಿಟ್ಟು, ಗೀಟು ಎಂದರೇನು ಎಂದು ಹೇಳಿದೆ. ಹನ್ನೊಂದರ ಮೇಲೆ ಇನ್ನೂ ಸುಮಾರು ನೂರು ಜನ, ಸತ್ತವರೆಲ್ಲರಿಗೂ ಅದೇ ರೋಗವಿತ್ತು ಎಂದು ಸೇರಿಸಿದರೆ ನೂರೈವತ್ತು, ಆಚೀಚೆ ಆಗಬಹುದು ಎಂದೆ. ನೀನು ಹೇಳಿಕೊಟ್ಟ ಹಾಗೆ ಅಗಲವಾಗಿಯೇ ಹೇಳಿದೆ.

ವಕೀಲರು ಕನ್ನಡಕ ತೆಗೆದು ನಕ್ಕರು. "ಅಂದ್ರೆ ನೀವು ನೋಡದೇ ಇರೋ ಜನರನ್ನ ಎಣಿಸ್ತಾ ಇದ್ದೀರಿ, ಅಲ್ವಾ?"

ಆ ಪ್ರಶ್ನೆ ನಿನಗೆ ಸರಿಹೋಗುತ್ತದೆ ಮೊಂಡೀ, ನೀನು ನಿನ್ನ ನಕ್ಷತ್ರಗಳನ್ನು ನಿಜಕ್ಕೂ ನೋಡಿರಲಿಲ್ಲ. ನನಗೆ ಸರಿಹೋಗಲಿಲ್ಲ.

"ಇಲ್ಲ ಸ್ವಾಮಿ" ಎಂದೆ. "ಅಷ್ಟೂ ಜನರನ್ನ ನೋಡಿದ್ದೀನಿ. ಇಷ್ಟು ಹತ್ತಿರದಿಂದ ನೋಡಿದ್ದೀನಿ. ಸಾಲಿನಿಂದ ಆಚೆ ಕಳಿಸಿದವನೇ ನಾನು. ಅದರಲ್ಲಿ ನಮ್ಮ ಅಮ್ಮನೂ ಇದ್ರು."

ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆ ಎತ್ತಿ, "ಸ್ವಲ್ಪ ನಿಧಾನ ಹೇಳಿ ಸಾರ್, ಬರ್ಕೋಬೇಕು" ಎಂದ.

ಮೊದಲಿನಿಂದ, ನಿಧಾನವಾಗಿ ಹೇಳಿದೆ.

ಅಣ್ಣ